ಮುನ್ನೂರು ಗಜಕ್ಕೆ ಮೂರು ಮಿಲಿಮೀಟರ್

2020ರಲ್ಲಿ ಊರೆಲ್ಲ ಟಾಯ್ಲೆಟ್ ಪೇಪರಿಗೆ ಮುಗಿಬಿದ್ದಾಗ ನನ್ನ ಗಂಡ ರಿವಾಲ್ವರಿಗೆ ಅರ್ಜಿ ಹಾಕಿದರು. ಜಿರಲೆ ಕಂಡರೂ ಕಾಗದದ ಮೇಲೆ ಹತ್ತಿಸಿಕೊಂಡು ಬಾಲ್ಕನಿಯಿಂದ ಆಚೆ ಬಿಡುವ ಮನುಷ್ಯ ಅವರು. ಆಫೀಸಿನ ಯಾರೋ ಒಬ್ಬ 'ಕಷ್ಟಕಾಲ ಬರ್ತಿದೆ, ಮನೇಲಿ ಒಂದಿರಲಿ' ಎಂದು ತಲೆಗೆ ತುಂಬಿದ್ದ. ನಾವಿಬ್ಬರೂ ಅಮೆರಿಕದ ಸಿಟಿಜನ್ ಆಗಿ ವರ್ಷಗಳಾಗಿದ್ದವು, ಕಾನೂನಿನ ತೊಡಕೇನೂ ಇರಲಿಲ್ಲ. ಶೆರಿಫ್ ಕಚೇರಿಯ ಪರ್ಮಿಟ್ ಕೈಗೆ ಬರುವಷ್ಟರಲ್ಲಿ ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರ್ ಮತ್ತೆ ಗುಡ್ಡೆ ಬಿದ್ದಿತ್ತು. ಆದರೂ ಹೋಗಿ ತಂದರು. ಎರಡು ಇಂಚಿನ ನಳಿಕೆ, ಐದು ಗುಂಡು, ಅಂಗೈಯಲ್ಲಿ ಅರ್ಧ ಮುಚ್ಚಿಹೋಗುವಷ್ಟು ಗಿಡ್ಡ. ತಂದ ದಿನವೇ ಸೇಫಿನಲ್ಲಿಟ್ಟು ಬೀಗ ಹಾಕಿದರು. ಮೂರು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ನಾನು ಆಗಾಗ ಚುಚ್ಚುತ್ತಿದ್ದೆ.

ಕೊನೆಗೆ ಅದನ್ನು ಹೊರಗೆ ತೆಗೆದವಳು ನಾನೇ. ಅದಕ್ಕೆ ಕಾರಣ ನನ್ನ ಮುರಿದ ಕೈ.

ನಾನು ಹಲ್ಲಿನ ಡಾಕ್ಟರು. ಅದರಲ್ಲೂ ರೂಟ್ ಕೆನಾಲ್ ಮಾಡುವವಳು. ಹಲ್ಲಿನ ಬೇರಿನೊಳಗೆ ಕೂದಲಿನಷ್ಟು ತೆಳ್ಳಗಿನ ಫೈಲನ್ನು ಇಳಿಸಿ, ತುದಿ ಮುಟ್ಟುವ ಅರ್ಧ ಮಿಲಿಮೀಟರ್ ಮೊದಲೇ ನಿಲ್ಲಿಸುವುದು ನನ್ನ ಕಸುಬು. ಆ ವರ್ಷದ ಯುಗಾದಿ ಕಾರ್ಯಕ್ರಮಕ್ಕೆ ಇಲ್ಲಿನ ಕನ್ನಡ ಸಂಘದವರು ಒಂದು ಸ್ಕೂಲಿನ ಸಭಾಂಗಣ ಹಿಡಿದಿದ್ದರು. ಸಾಮೂಹಿಕ ಗಾಯನ ಮುಗಿಸಿ ವೇದಿಕೆ ಇಳಿಯುವಾಗ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿತು. ಬಿದ್ದೆ. ಬಲಗೈ ಮಣಿಕಟ್ಟಿನಲ್ಲಿ ಎರಡು ಕಡೆ ಮೂಳೆ ಮುರಿಯಿತು. ಒಂದು ಪ್ಲೇಟು, ಆರು ಸ್ಕ್ರೂ ಹಾಕಿದರು. ಮೂಳೆ ಬೇಗ ಕೂಡಿತು, ಎಕ್ಸ್‌ರೇ ನೋಡಿದವರೆಲ್ಲ ಹೊಗಳಿದರು. ಆದರೆ ಕೈಯನ್ನು ಮುಂದೆ ಚಾಚಿದರೆ ಬೆರಳ ತುದಿಗಳು ಸಣ್ಣಗೆ ನಡುಗುತ್ತಿದ್ದವು. ಜೂನ್‌ನಲ್ಲಿ ಕ್ಲಿನಿಕ್ಕಿಗೆ ಹಿಂದಿರುಗಿ, ವಿದ್ಯಾರ್ಥಿಗಳು ಕಲಿಯಲು ಬಳಸುವ ಪ್ಲಾಸ್ಟಿಕ್ ಹಲ್ಲಿನ ಮೇಲೆ ಕೆಲಸ ಮಾಡಿ ನೋಡಿದೆ. ಫೈಲಿನ ತುದಿ ಒಳಗೇ ಮುರಿದುಕೊಂಡಿತು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಹಾಗೆ ಆದದ್ದು ಬೆರಳೆಣಿಕೆಯಷ್ಟು ಸಲ. ಆವತ್ತು ಒಂದೇ ಮಧ್ಯಾಹ್ನ ಮೂರು ಮುರಿದೆ.

ನನ್ನ ಜೊತೆ ಕ್ಲಿನಿಕ್ ನಡೆಸುವ ಡಾಕ್ಟರು ನನಗಿಂತ ಹದಿನೈದು ವರ್ಷ ಚಿಕ್ಕವಳು, ಅಟ್ಲಾಂಟಾದಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ನನ್ನ ಪೇಶೆಂಟುಗಳ ರೂಟ್ ಕೆನಾಲ್‌ಗಳನ್ನೆಲ್ಲ ಅವಳೇ ಹೊತ್ತುಕೊಂಡಿದ್ದಳು. ನನಗೆ ಉಳಿದದ್ದು ಹಲ್ಲು ಕ್ಲೀನ್ ಮಾಡುವುದು, ಚೆಕಪ್ ಮಾಡುವುದು.

"ಆಂಟಿ, ನೀವು ಟೈಮ್ ತಗೊಳ್ಳಿ," ಎಂದಳು ಒಂದು ದಿನ, ನನ್ನ ಮುಖ ನೋಡದೆ. "ಬಟ್ ಡಿಸೆಂಬರ್‌ಗೆ ನಂಗೆ ಆನ್ಸರ್ ಬೇಕು. ಜನವರಿಗೆ ಹೊಸ ಡಾಕ್ಟರ್ ಹೈರ್ ಮಾಡ್ಬೇಕಾ ಬೇಡ್ವಾ ಅಂತ. ಐ ಕಾಂಟ್ ಡೂ ಬೋತ್."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನನ್ನ ಕುರ್ಚಿಯಲ್ಲಿ ಬೇರೆಯವರು ಕೂರುವ ಮಾತು. ಮನೆಗೆ ಬಂದು ಪಾತ್ರೆ ತೊಳೆಯುತ್ತಾ ಅತ್ತೆ. ಹ್ಯಾಂಡ್ ಥೆರಪಿಸ್ಟ್ ಕೊಟ್ಟ ಹಸಿರು ಜೇಡಿಯನ್ನು ದಿನಕ್ಕೆ ನೂರು ಸಲ ಹಿಸುಕಬೇಕಿತ್ತು. ಹಿಸುಕಿ ಹಿಸುಕಿ ಚಪಾತಿ ಹಿಟ್ಟು ಕಂಡರೂ ಜಿಗುಪ್ಸೆಯಾಗುವಂತಾಗಿತ್ತು.

ಆ ದಿನಗಳಲ್ಲೇ ನನ್ನ ಹಳೆಯ ಪೇಶೆಂಟ್ ಒಬ್ಬರು ಕ್ಲೀನಿಂಗಿಗೆ ಬಂದರು. ಎಂಬತ್ತು ದಾಟಿದ ಬಿಳಿಯ ಮುದುಕರು. ಜವಳಿ ಗಿರಣಿಯೊಂದರ ವರ್ಕ್‌ಶಾಪಿನಲ್ಲಿ ಜೀವಮಾನವೆಲ್ಲ ಲೋಹ ಕಡೆಯುವ ಲೇಥ್ ಯಂತ್ರ ನಡೆಸಿದವರು. ಮನೆಯಲ್ಲಿ ಅವರ ಸುದ್ದಿ ಬಂದಾಗ ನಾವು ಲೇಥ್ ತಾತ ಎನ್ನುತ್ತಿದ್ದೆವು. ಅವರು ಆಡುವುದು ಕೆರೊಲಿನಾ ಹಳ್ಳಿಯ ನಿಧಾನದ ಇಂಗ್ಲಿಷು, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಾಯಿ ತೊಳೆದುಕೊಂಡು ಎದ್ದವರು ನನ್ನ ಕೈಯನ್ನೇ ನೋಡುತ್ತಾ, "ಜೇಡಿ ಹಿಸುಕಿದ್ರೆ ಜೇಡಿಗೆ ಒಳ್ಳೇದು ಅಷ್ಟೆ. ಕೈಗೆ ಒಂದು ಕಷ್ಟದ ಕೆಲಸ ಕೊಡಿ," ಎಂದರು. ಅವರಿಗೆ ಗ್ರೀನ್ಸ್‌ಬರೋ ದಾಟಿ ಒಂದಷ್ಟು ಜಮೀನಿತ್ತು, ಅಲ್ಲಿ ಕೈಬಂದೂಕಿನಲ್ಲಿ ದೂರದ ಗುರಿಗೆ ಹೊಡೆಯುವುದು ಅವರ ಹವ್ಯಾಸ. ನಾನು ಮೈಸೂರಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿ ರೈಫಲ್ ಹೊಡೆದವಳು ಎಂದೆ, ಸ್ವಲ್ಪ ಜಂಬದಿಂದಲೇ. ಮನೆಯಲ್ಲಿ ಎರಡಿಂಚಿನ ರಿವಾಲ್ವರ್ ಒಂದು ತುಕ್ಕು ಹಿಡಿಯುತ್ತಾ ಕೂತಿದೆ ಎಂದೂ ಬಾಯಿಬಿಟ್ಟೆ.

ಅವರು ನಕ್ಕರು. "ಅದರಲ್ಲಿ ಜನಕ್ಕೆ ಈ ಗೋಡೆಯಿಂದ ಆ ಗೋಡೆಗೆ ಹೊಡೆಯೋಕಾಗಲ್ಲ. ನನ್ನ ಹೊಲದಲ್ಲಿ ಮುನ್ನೂರು ಗಜದ ಆಚೆ ಒಂದು ತಗಡಿದೆ. ತಗೊಂಡು ಬನ್ನಿ."

"ಇದಕ್ಕೆ ಅಷ್ಟು ದೂರ ಹೋಗುತ್ತಾ?"

"ಗುಂಡು ಹೋಗುತ್ತೆ. ನಾವು ಹೋಗ್ತೀವಾ ಅನ್ನೋದೇ ಪ್ರಶ್ನೆ."

ಗಂಡನಿಗೆ ಹೇಳಿದಾಗ ಅವರು ತುತ್ತನ್ನು ತಟ್ಟೆಗೆ ಹಾಕಿದರು. "ನಿಂಗೇನಾದ್ರೂ ತಲೆ ಕೆಟ್ಟಿದ್ಯಾ? ಕೈ ಮುರ್ಕೊಂಡಿದೀಯ, ಈಗ ಗನ್ನು ಬೇರೆ."

"ತಂದೋರು ಯಾರು?"

"ನಾನ್ ತಂದಿದ್ದು ಯೂಸ್ ಮಾಡೋಕಲ್ಲ ಕಣೇ."

ಹಾಗೆಂದರೂ ಮುಂದಿನ ಶನಿವಾರ ಡ್ರೈವ್ ಮಾಡಿದವರೂ ಅವರೇ. ನನ್ನನ್ನು ಒಬ್ಬಳೇ ಕಳಿಸುವ ಧೈರ್ಯವೂ ಅವರಿಗಿರಲಿಲ್ಲ.

ತಾತನ ಮನೆಯ ಹಿಂದೆ ಹುಲ್ಲುಗಾವಲು. ಅದರ ಕೊನೆಯಲ್ಲಿ ಈ ಸೀಮೆಯ ಕೆಂಪು ಜೇಡಿಮಣ್ಣಿನ ಎತ್ತರದ ದಿಬ್ಬ. ದಿಬ್ಬದ ಬುಡದಲ್ಲಿ ನಾಲ್ಕಡಿ ಚೌಕದ ಉಕ್ಕಿನ ತಗಡು, ಸ್ಕೂಲ್ ಬಸ್ಸಿನ ಹಳದಿ ಬಣ್ಣ ಬಳಿದದ್ದು. ವರಾಂಡದ ಮುಂದಿನ ಮೇಜಿನಿಂದ ನೋಡಿದರೆ ಅದು ಅರಿಶಿನದ ಒಂದು ಬೊಟ್ಟು. ರಿವಾಲ್ವರನ್ನು ಚಾಚಿ ಹಿಡಿದರೆ ನಳಿಕೆಯ ಹಿಂದೆ ತಗಡು, ದಿಬ್ಬ, ಅರ್ಧ ಆಕಾಶ ಎಲ್ಲ ಮರೆಯಾಯಿತು. ಮೊದಲ ದಿನ ಇಪ್ಪತ್ತೈದು ಗುಂಡು ಹೊಡೆದೆ. ಎಲ್ಲವೂ ಹುಲ್ಲಿನೊಳಗೆ ಎಲ್ಲೆಲ್ಲೋ ಬಿದ್ದವು. ತಾತ ಬೈನಾಕ್ಯುಲರ್ ಕೆಳಗಿಟ್ಟು, "ಒಳ್ಳೇದು, ದಿಬ್ಬ ದಾಟಲಿಲ್ಲ," ಎಂದರು.

ತಪ್ಪು ಎಲ್ಲೆಲ್ಲಿದೆ ಎಂದು ಅವರು ಒಂದೊಂದಾಗಿ ತೋರಿಸಿದರು. ಗಿಡ್ಡ ನಳಿಕೆಯಿಂದ ಗುಂಡು ನಿಧಾನವಾಗಿ ಹೊರಡುತ್ತದೆ. ಮುನ್ನೂರು ಗಜ ಹೋಗುವಷ್ಟರಲ್ಲಿ ಇಪ್ಪತ್ತೇಳು ಅಡಿ ಕೆಳಗಿಳಿಯುತ್ತದೆ. ಅಂದರೆ ನಮ್ಮ ಮೂರು ಮಹಡಿಯ ಟೌನ್‌ಹೌಸಿನ ಸೂರಿಗೆ ಗುರಿಯಿಟ್ಟರೆ ಹೊಸ್ತಿಲಿಗೆ ಬಂದು ಬೀಳುವ ಲೆಕ್ಕ. ಇನ್ನು ನಳಿಕೆಯ ತುದಿಯಲ್ಲಿ ಎದ್ದು ನಿಂತ ಗುರಿಮೊಳೆಗೂ ಅದನ್ನು ನೋಡುವ ಹಿಂದಿನ ಕಚ್ಚಿಗೂ ನಡುವೆ ನಾಲ್ಕೇ ಇಂಚು ಅಂತರ. ಇಲ್ಲಿ ಕೂದಲೆಳೆ ತಪ್ಪಿದರೆ ಅಲ್ಲಿ ಎಮ್ಮೆಯಷ್ಟು ತಪ್ಪುತ್ತದೆ. ಹಿಡಿ ನನ್ನ ಕೈಗೆ ಚಿಕ್ಕದು, ಟ್ರಿಗರ್ ಬಿರುಸು, ನನ್ನ ಮಣಿಕಟ್ಟಿಗೆ ಆಧಾರವಿಲ್ಲ.

ಇಲ್ಲಿನ ಬೇಸಿಗೆಯೆಲ್ಲ ಅದನ್ನು ಸರಿಪಡಿಸುವುದರಲ್ಲೇ ಕಳೆಯಿತು. ತಾತ ವಾಲ್‌ನಟ್ ಮರದಲ್ಲಿ ದೊಡ್ಡ ಹಿಡಿ ಕೆತ್ತಿದರು. ಅದರ ಅಚ್ಚಿಗೆ ನಾನು ಕ್ಲಿನಿಕ್ಕಿನಲ್ಲಿ ದವಡೆಯ ಅಳತೆ ತೆಗೆಯುವ ಪುಟ್ಟಿಯಲ್ಲಿ ನನ್ನ ಮುಷ್ಟಿ ಒತ್ತಿ ಕೊಟ್ಟಿದ್ದೆ. ಟ್ರಿಗರಿನ ಒಳಗಿನ ಕಬ್ಬಿಣವನ್ನು ಉಜ್ಜಿ ನಯ ಮಾಡಿದರು. ಮಣಿಕಟ್ಟಿಗೆ ಆಸರೆಯಾಗಿ ನಾನು ಹಳೆಯ ಜೀನ್ಸಿನ ಕಾಲು ಕತ್ತರಿಸಿ ಚೀಲ ಹೊಲಿದು ರಾಗಿ ತುಂಬಿದೆ. ಮರಳಿಗಿಂತ ಹಗುರ, ಅಕ್ಕಿಗಿಂತ ಚೆನ್ನಾಗಿ ಕೈಯ ಆಕಾರಕ್ಕೆ ಕೂರುತ್ತದೆ. ತಾತ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ಹಕ್ಕಿಗೆ ಹಾಕುವುದೋ ಎಂದು ಕೇಳಿದರು. ನಮ್ಮ ಅರ್ಧ ಊರು ತಿನ್ನುವುದು ಎಂದು ಗದರಿದೆ. ಮೊದಲ ಸಲ ರಿವಾಲ್ವರಿನ ಹೊಟ್ಟೆಯನ್ನೇ ಚೀಲದ ಮೇಲಿಟ್ಟು ಹೊಡೆದೆ. ಗುಂಡಿನ ಉರುಳೆಗೂ ನಳಿಕೆಗೂ ನಡುವಿನ ಸಂದಿಯಿಂದ ಉರಿ ಚಿಮ್ಮಿ ಜೀನ್ಸ್ ಹರಿಯಿತು, ರಾಗಿಯೆಲ್ಲ ಮೇಜಿನ ಮೇಲೆ ಸುರಿಯಿತು. ಬೇಡ ಎಂದು ತಾತ ಮೊದಲೇ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. ಆಮೇಲೆ ಚೀಲ ಮಣಿಕಟ್ಟಿನ ಕೆಳಗೆ ಮಾತ್ರ.

ಕೊನೆಯದಾಗಿ ರೆಡ್ ಡಾಟ್ ಬಂತು. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸಾಧನ. ಅದರ ಗಾಜಿನೊಳಗೆ ನೋಡಿದರೆ ಕೆಂಪು ಚುಕ್ಕಿ ಕಾಣುತ್ತದೆ, ಚುಕ್ಕಿಯನ್ನು ಗುರಿಯ ಮೇಲಿಟ್ಟರೆ ಸಾಕು. ತಾತ ಅದನ್ನು ಇಳಿಜಾರಾದ ಒಂದು ಪೀಠದ ಮೇಲೆ ಕೂರಿಸಿದರು. ಚುಕ್ಕಿ ತಗಡನ್ನು ನೋಡುವಾಗ ನಳಿಕೆ ಬೇಕಾದಷ್ಟೇ ಮೇಲಕ್ಕೆ ನೋಡುತ್ತಿತ್ತು. ಗಿಡ್ಡ ರಿವಾಲ್ವರಿನ ತಲೆಯ ಮೇಲೆ ಅದು ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ ಕಾಣುತ್ತಿತ್ತು. ಆದರೆ ಕೆಲಸ ಮಾಡಿತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಐದರಲ್ಲಿ ಎರಡು ಗುಂಡು ತಗಡಿಗೆ ಬಡಿಯುತ್ತಿದ್ದವು. ಹೊಡೆದ ಮೇಲೆ ಎರಡು ಸೆಕೆಂಡಿಗೂ ಹೆಚ್ಚು ಕಾಯಬೇಕು, ಆಮೇಲೆ ದೂರದಿಂದ ಟಣ್ ಎಂದು ಕೇಳುತ್ತದೆ. ಆ ಸದ್ದು ಕೇಳಿದಾಗಲೆಲ್ಲ ನನಗೆ ಮಕ್ಕಳ ಹಾಗೆ ಖುಷಿಯಾಗುತ್ತಿತ್ತು.

ಆ ಖುಷಿಯಲ್ಲೇ ಒಂದು ಸೋಮವಾರ ಪ್ಲಾಸ್ಟಿಕ್ ಹಲ್ಲಿನ ಮುಂದೆ ಕೂತೆ. ಫೈಲ್ ಇಳಿಸಿದೆ. ಇಡೀ ಹೊತ್ತು ಕಣ್ಣು ಹಲ್ಲಿನ ಮೇಲಿರದೆ ನನ್ನ ಬೆರಳ ಮೇಲೇ ಇತ್ತು, ಈಗ ನಡುಗೀತು, ಈಗ ನಡುಗೀತು ಎಂದು. ಮುರಿಯಿತು. ಹೊಲದಲ್ಲಿ ಗುರಿ ಮುಟ್ಟುತ್ತಿದ್ದದ್ದು ರಾಗಿ ಚೀಲ, ಇಳಿಜಾರು ಪೀಠ, ಕೆಂಪು ಚುಕ್ಕಿ. ನನ್ನ ಕೈ ಅಲ್ಲಿ ಬರೀ ಒಂದು ಗೂಟ. ಡಿಸೆಂಬರಿಗೆ ಇನ್ನು ಎರಡು ತಿಂಗಳಿತ್ತು. ಜೊತೆಯ ಡಾಕ್ಟರ ಬಾಗಿಲು ತೆರೆದೇ ಇತ್ತು, ಒಳಗೆ ಹೋಗಿ 'ಹೊಸಬರನ್ನ ಹುಡುಕು' ಎಂದುಬಿಡೋಣ ಅನಿಸಿತು. ಅವಳು ಪೇಶೆಂಟಿನ ಜೊತೆಗಿದ್ದಳು, ಹಾಗಾಗಿ ಹೇಳಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅದಕ್ಕೆ ರಿಯಾಯಿತಿ ಇಲ್ಲ. ಈಳಿಗೆಮಣೆ, ಮಿಕ್ಸಿ, ಇಬ್ಬರ ಲ್ಯಾಪ್‌ಟಾಪು, ಎರಡು ಕಾರು, ಹೊಲಿಗೆ ಯಂತ್ರ, ನನ್ನ ಇಕ್ಕಳಗಳು, ಕೆಲಸಕ್ಕೆ ಹಾಕಿಕೊಳ್ಳುವ ಭೂತಗನ್ನಡಿಯ ಕನ್ನಡಕ, ಎಲ್ಲಕ್ಕೂ ಅರಿಶಿನ ಕುಂಕುಮ ಆಗಬೇಕು. ಈ ಸಲ ಸಾಲಿನಲ್ಲಿ ರಿವಾಲ್ವರೂ ಇತ್ತು, ಗುಂಡು ತೆಗೆದು, ಉರುಳೆ ತೆರೆದಿಟ್ಟು. ಗಂಡ ಅದನ್ನು ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಗಂಟೆ ಬಾರಿಸಿದ್ದು. ಕುಂಕುಮವನ್ನು ನೀರಲ್ಲಿ ಕಲೆಸಿ ಒಂದೊಂದಕ್ಕೂ ಇಡುತ್ತಾ ಬಂದೆ. ಬಾಯಲ್ಲಿ ಶ್ಲೋಕ, ತಲೆಯಲ್ಲಿ ಒಲೆಯ ಮೇಲಿನ ಹೆಸರುಬೇಳೆ ಪಾಯಸ. ಯಾವ ವಸ್ತುವಾದರೂ ಅದಕ್ಕೊಂದು ಹಣೆ ಹುಡುಕಿ ಬೊಟ್ಟಿಡುವುದು ಕೈಗೆ ಬಂದ ರೂಢಿ. ರಿವಾಲ್ವರಿಗೆ ಹಣೆಯ ಹಾಗೆ ಕಂಡದ್ದು ರೆಡ್ ಡಾಟ್‌ನ ಗಾಜು. ದಪ್ಪನಾಗಿ ಬೊಟ್ಟಿಟ್ಟೆ. ಹೂವಿನಿಂದ ನೀರನ್ನೂ ಪ್ರೋಕ್ಷಣೆ ಮಾಡಿದೆ.

ಫೋಟೋ ಕುಟುಂಬದ ಗುಂಪಿಗೆ ಹೋಯಿತು. ವರ್ಜೀನಿಯಾದ ಆಲ್ಡಿಯಲ್ಲಿರುವ ನಾದಿನಿ, "ಅತ್ಗೆ, ಅದೇನು ಗನ್ನಾ? ಕುಂಕುಮ ಸಖತ್ತಾಗಿದೆ," ಎಂದು ಬರೆದಳು. ನನಗೆ ಆಗಲೂ ಹೊಳೆಯಲಿಲ್ಲ.

ಮಾರನೆಯ ಬೆಳಗ್ಗೆ ನೋಡಿದರೆ ಕೆಂಪು ನೀರು ಗಾಜಿನಿಂದ ಇಳಿದು, ಚುಕ್ಕಿಯ ಬೆಳಕು ಹೊರಡುವ ಸೂಜಿತೂತಿನೊಳಗೆ ಒಣಗಿ ಕೂತಿತ್ತು. ಗಾಬರಿಯಾಗಿ ಕ್ಲಿನಿಕ್ಕಿನಲ್ಲಿ ಹಳೆಯ ಸಿಮೆಂಟ್ ಕರಗಿಸುವ ದ್ರಾವಣ ತಂದು ತಿಕ್ಕಿದೆ. ಕುಂಕುಮ ಹೋಯಿತು, ಅದರ ಜೊತೆಗೆ ಗಾಜಿನ ಲೇಪನವೂ ಹೋಯಿತು. ಆನ್ ಮಾಡಿದರೆ ಚುಕ್ಕಿಯ ಜಾಗದಲ್ಲಿ ಒಡೆದ ದಾಳಿಂಬೆ ಕಂಡಿತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನಗೆ ಕೆಡಿಸಿದ್ದನ್ನು ಇನ್ನೊಮ್ಮೆ ಕೆಡಿಸಿದ ಮೇಲೆ ಬಂತು.

ಗಂಡ ನಗು ತಡೆಯಲು ಬಹಳ ಪ್ರಯತ್ನಪಟ್ಟರು. "ಕಣ್ಣಿಗೇ ಕುಂಕುಮ ಹಚ್ಚಿದ್ಯಲ್ಲೇ ಮಾರಾಯ್ತಿ."

"ಪಕ್ಕದಲ್ಲೇ ನಿಂತು ಗಂಟೆ ಬಾರಿಸ್ತಿದ್ರಲ್ಲ, ಬಾಯಿ ಬಿಡೋಕೇನಾಗಿತ್ತು?"

"ನಾನು ಅದರಲ್ಲಿ ಬುಲೆಟ್ ಇದ್ಯಾ ಅಂತ ನೋಡ್ತಿದ್ದೆ."

ತಾತನಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ದೇವರ ಹೆಸರಿನಲ್ಲಿ ನೀವೇ ಬಣ್ಣ ಬಳಿದಿರಾ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ತಮ್ಮ ಲೇಥಿಗೂ ವರ್ಷಕ್ಕೊಮ್ಮೆ ಹಾಗೆ ಮಾಡಬೇಕಿತ್ತು ಎಂದರು, ತಮಾಷೆಗಲ್ಲ. ಹೊಸ ರೆಡ್ ಡಾಟ್ ತರಿಸುತ್ತೇನೆ ಎಂದಾಗ ಮಾತ್ರ ಬೇಡವೆಂದರು. "ತೆಗೆದುಹಾಕಿ. ಅದು ಬರೋಕೆ ಮುಂಚೆ ನಾವು ಹೇಗೆ ಹೊಡೀತಿದ್ವೋ ಹಾಗೆ ಹೊಡೆಯೋಣ."

ಹಳೆಯ ವಿಧಾನ ಹೀಗೆ. ಹತ್ತಿರದ ಗುರಿಗೆ ಮುಂದಿನ ಗುರಿಮೊಳೆಯ ತಲೆ ಹಿಂದಿನ ಕಚ್ಚಿನ ಸಮಕ್ಕಿರಬೇಕು. ದೂರದ್ದಕ್ಕೆ ಮೊಳೆಯನ್ನು ಕಚ್ಚಿನಿಂದ ಮೇಲಕ್ಕೆ ಎತ್ತಿ, ಅದರ ತುದಿಯ ಮೇಲೆ ಗುರಿಯನ್ನು ಕೂರಿಸಬೇಕು. ಎಷ್ಟು ಎತ್ತಬೇಕು ಎಂಬುದಕ್ಕೆ ಮೊಳೆಯ ಮೇಲೆ ಅಡ್ಡಗೆರೆಗಳಿರಬೇಕು. ತಾತ ಲೆಕ್ಕ ಹಾಕಿದರು. ಇನ್ನೂರು ಗಜಕ್ಕೆ ಎರಡು ಮಿಲಿಮೀಟರ್, ಮುನ್ನೂರಕ್ಕೆ ಮೂರು. ನನ್ನ ರಿವಾಲ್ವರಿನ ಮೊಳೆ ಅಷ್ಟು ಎತ್ತರವೇ ಇರಲಿಲ್ಲ. ಅದನ್ನು ಕಿತ್ತು, ಆ ಜಾಗಕ್ಕೆ ಹೊಂದುವ ಉಕ್ಕಿನ ತುಂಡೊಂದನ್ನು ಕೊರೆದು ನನ್ನ ಅಂಗೈಗೆ ಹಾಕಿದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು.

"ಮೊದಲಾಗಿದ್ರೆ ನಾನೇ ಎತ್ತರಿಸಿ ಚಿನ್ನದ ಗೆರೆ ಕೂರಿಸ್ತಿದ್ದೆ. ಈಗ ಕಣ್ಣು ಹಿಡಿಯಲ್ಲ. ಉಳಿದದ್ದು ನೀವು ಮಾಡಿ."

"ನನ್ನ ಕೈ ಹೇಗಿದೆ ಗೊತ್ತಲ್ಲ ನಿಮಗೆ?"

"ನನ್ನ ಕಣ್ಣು ಹೇಗಿದೆ ಅಂತ ನನಗೆ ಗೊತ್ತು," ಎಂದು ಅವರು ಒಳಗೆ ಹೋದರು.

ದಾರಿಯುದ್ದಕ್ಕೂ ಆ ಮುದುಕರನ್ನು ಬೈದೆ. ಗಂಡ ರೇಡಿಯೋ ಹಾಕಿದರು.

ಭಾನುವಾರ ಕ್ಲಿನಿಕ್ಕಿಗೆ ರಜೆ. ಬೆಳಗ್ಗೆ ಹತ್ತಕ್ಕೆ ಆ ಉಕ್ಕಿನ ಚೂರನ್ನು ತೆಗೆದುಕೊಂಡು ಒಬ್ಬಳೇ ಹೋದೆ. ಲೋಹದ ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಅಂಟಿಸುವುದು ನಮಗೆ ಹೊಸದಲ್ಲ, ಕ್ಯಾಪ್ ಒಡೆದವರಿಗೆ ಮಾಡುತ್ತಲೇ ಇರುತ್ತೇವೆ. ಉಕ್ಕನ್ನು ಒರಟು ಮಾಡಿ, ಅಂಟು ಸವರಿ, ಫಿಲ್ಲಿಂಗನ್ನು ಪದರ ಪದರವಾಗಿ ಇಟ್ಟು ನೀಲಿ ಬೆಳಕಿನಲ್ಲಿ ಗಟ್ಟಿ ಮಾಡುತ್ತಾ ಎತ್ತರಿಸಿದೆ. ಆಮೇಲೆ ತಲೆನೋವು ಶುರುವಾಯಿತು. ಮೊಳೆಯ ಎರಡು ಪಕ್ಕ ಸಮಾನಾಂತರ ಇರಬೇಕು, ಇಲ್ಲದಿದ್ದರೆ ಕಚ್ಚಿನಲ್ಲಿ ನೋಡಿದಾಗ ಎಡಬಲ ಬೆಳಕು ಸಮ ಕಾಣುವುದಿಲ್ಲ. ತುದಿ ಚಪ್ಪಟೆ ಇರಬೇಕು. ಗೆರೆಗೆ ಯಾವ ಬಣ್ಣ? ಬಿಳಿಯ ಮೇಲೆ ಬೂದು ಕಾಣುವುದಿಲ್ಲ. ಡ್ರಾಯರ್ ಹುಡುಕಿದಾಗ ಒಸಡಿನ ಬಣ್ಣದ ಫಿಲ್ಲಿಂಗ್ ಸಿಕ್ಕಿತು, ಅಚ್ಚ ಗುಲಾಬಿ. ತುದಿಯಿಂದ ಎರಡು ಮಿಲಿಮೀಟರಿಗೆ ಒಂದು, ಮೂರಕ್ಕೆ ಒಂದು, ಡ್ರಿಲ್ಲಿಗೆ ಅತ್ಯಂತ ಸಣ್ಣ ಬರ್ ಹಾಕಿ ಕೂದಲಗಲದ ಕಾಲುವೆ ತೋಡಿ ಗುಲಾಬಿ ತುಂಬಿದೆ. ಒಂದು ಗೆರೆ ಬಲಕ್ಕೆ ಒಂಚೂರು ಇಳಿದಿದೆ ಅನಿಸಿತು. ನನಗೆ ನಾನೇ ಬೈದುಕೊಂಡು, ಅದನ್ನು ಕೊರೆದು ತೆಗೆದು ಮತ್ತೆ ತುಂಬಿದೆ. ಪಾಲಿಶ್ ಮಾಡಿದೆ. ಕತ್ತೆತ್ತಿದರೆ ಗಂಟೆ ಒಂದೂವರೆ, ಹೊಟ್ಟೆ ಚುರುಗುಟ್ಟುತ್ತಿತ್ತು. ಮನೆಗೆ ಹೋಗಿ ಚಿತ್ರಾನ್ನ ತಿಂದು ಮಲಗಿದೆ.

ಮುಂದಿನ ಶನಿವಾರ ಅದನ್ನು ಗಾಜ್ ಬಟ್ಟೆಯಲ್ಲಿ ಸುತ್ತಿ ತಾತನಿಗೆ ಕೊಟ್ಟೆ. ಅವರು ವರಾಂಡದ ಬೆಳಕಿಗೆ ಹೋಗಿ, ಭೂತಗನ್ನಡಿ ಕಣ್ಣಿಗೊತ್ತಿಕೊಂಡು ಬಹಳ ಹೊತ್ತು ನೋಡಿದರು. ಮೈಕ್ರೋಮೀಟರ್ ತಂದು ಮೇಲೆ ಅಳೆದರು, ಬುಡದಲ್ಲಿ ಅಳೆದರು, ತಿರುಗಿಸಿ ಇನ್ನೊಮ್ಮೆ ಅಳೆದರು. ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದರು. ಮೇಲೂ ಬುಡದಲ್ಲೂ ಒಂದೇ ಅಂಕಿ.

"ಎಲ್ಲಿ ಮಾಡಿಸಿದ್ರಿ ಇದನ್ನ?"

"ಮಾಡಿಸೋದೇನು, ನಾನೇ ಮಾಡಿದೆ."

"ಯಾವ ಕೈಯಲ್ಲಿ?"

ನನಗೆ ರೇಗಿತು. ಯಾವ ಕೈಯಲ್ಲಿ ಎಂದರೆ, ನಾನು ಎಡಗೈಯಲ್ಲಿ ಒಂದು ಚಮಚವನ್ನೂ ನೆಟ್ಟಗೆ ಹಿಡಿಯಲಾರದವಳು. ಉತ್ತರ ಹೇಳಲು ಬಾಯಿ ತೆರೆದವಳು ಹಾಗೇ ನಿಂತೆ. ಮೂರೂವರೆ ಗಂಟೆ. ಆ ಮೂರೂವರೆ ಗಂಟೆಯಲ್ಲಿ ಗೆರೆಯ ಬಗ್ಗೆ ಯೋಚಿಸಿದ್ದೆ, ಬಣ್ಣದ ಬಗ್ಗೆ, ಈ ಮುದುಕರು ಹಿಡಿಯಬಹುದಾದ ತಪ್ಪುಗಳ ಬಗ್ಗೆ ಯೋಚಿಸಿದ್ದೆ. ಕೈಯ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ. ಬಲಗೈ ಎತ್ತಿ ತೋರಿಸಿದೆ. ಬೆರಳುಗಳು ಎಂದಿನಂತೆ ನಡುಗುತ್ತಿದ್ದವು.

"ಗಾಳೀಲಿ ಹಿಡಿದ್ರೆ ನನ್ನದೂ ನಡುಗುತ್ತೆ," ಎಂದರು ತಾತ. "ಗಾಳೀಲಿ ಯಾರಿಗೆ ಏನು ಕೆಲಸ?"

ಗಂಡ ಕಾರಿನಿಂದ ನೀರಿನ ಬಾಟಲಿ ತರುತ್ತಿದ್ದವರು ನನ್ನ ಮುಖ ನೋಡಿ ಗಾಬರಿಯಾದರು. "ಏನಾಯ್ತು? ಮತ್ತೆ ಕೈ ನೋವಾ?" ನಾನು ಅಳುತ್ತಿದ್ದೆ. ಇಲ್ಲ, ಇಲ್ಲ ಎಂದಷ್ಟೇ ಹೇಳಲು ಸಾಧ್ಯವಾಯಿತು. ನಾಲ್ಕು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದ ಹಾಗಿತ್ತು, ಅದನ್ನು ಆ ಹೊತ್ತಿಗೆ ಅವರಿಗೆ ಹೇಗೆ ವಿವರಿಸುವುದೆಂದು ತಿಳಿಯಲಿಲ್ಲ.

ತಾತ ಮೊಳೆಯನ್ನು ನಳಿಕೆಗೆ ಕೂರಿಸಿ ಪಿನ್ ಬಡಿದರು. ಬಿಳಿ ಮೊಳೆ, ಗುಲಾಬಿ ಗೆರೆ. ಹಾಲುಹಲ್ಲು ಮೊಳೆತ ರಿವಾಲ್ವರ್. ಮೇಜಿನ ಮುಂದೆ ಕೂತು ಮಣಿಕಟ್ಟನ್ನು ರಾಗಿಯ ಮೇಲಿಟ್ಟೆ. ಕೆಳಗಿನ ಗೆರೆಯನ್ನು ಕಚ್ಚಿನ ಅಂಚಿಗೆ ತಂದು, ತುದಿಯ ಮೇಲೆ ಹಳದಿ ಬೊಟ್ಟನ್ನು ಕೂರಿಸಿದೆ. ಬೊಟ್ಟು ಅಲ್ಲಾಡುತ್ತಿತ್ತು. ಅಲ್ಲಾಡಲಿ ಎಂದುಕೊಂಡು ಟ್ರಿಗರ್ ಒತ್ತಿದೆ. ತಗಡಿನ ಮುಂದೆ ಕೆಂಪು ಧೂಳು ಎದ್ದಿತು. "ಗಿಡ್ಡ," ಎಂದರು ತಾತ. ಎರಡನೆಯದು ದಿಬ್ಬದ ಹೊಟ್ಟೆಗೆ ಹೋಯಿತು, ತಗಡಿನಿಂದ ಒಂದು ಮಾರು ಮೇಲೆ. ಮೂರನೆಯದು ಹೊಡೆದಾಗ ಧೂಳೇ ಏಳಲಿಲ್ಲ. ಒಂದು, ಎರಡು ಎಂದು ಎಣಿಸಿದೆ. ಟಣ್ ಎಂದಿತು. ಹಿಂದೆ ಕಿವಿ ಮುಚ್ಚಿಕೊಂಡು ನಿಂತಿದ್ದ ಗಂಡ, "ಬಿತ್ತು ಕಣೇ, ಬಿತ್ತು," ಎಂದು ತಾತನ ಭುಜ ಹಿಡಿದು ಅಲ್ಲಾಡಿಸಿದರು. ನಾಲ್ಕನೆಯದು ತಪ್ಪಿತು. ಐದನೆಯದು ಮತ್ತೆ ತಗಡಿಗೆ ಬಿತ್ತು.

ಐದರಲ್ಲಿ ಎರಡು, ರೆಡ್ ಡಾಟ್‌ನಲ್ಲೂ ಅಷ್ಟೇ ಬೀಳುತ್ತಿದ್ದದ್ದು. ಈ ಸಲದ ಎರಡು ನನ್ನವು.

ಮನೆಗೆ ಹೋಗದೆ ನೇರ ಕ್ಲಿನಿಕ್ಕಿಗೆ ಬಿಡಲು ಹೇಳಿದೆ. ಪ್ಲಾಸ್ಟಿಕ್ ಹಲ್ಲು ನಾಲ್ಕು ತೆಗೆದುಕೊಂಡೆ. ಈ ಸಲ ಬೆರಳು ನೋಡಲಿಲ್ಲ, ಕಾಲುವೆ ನೋಡಿದೆ. ಗಂಡ ಕಾಯುವ ಕೋಣೆಯಲ್ಲಿ ಮಕ್ಕಳ ಪುಸ್ತಕ ಓದುತ್ತಾ ಕೂತಿದ್ದರು. ನಾಲ್ಕೂ ಮುಗಿದವು, ಒಂದೂ ಮುರಿಯಲಿಲ್ಲ. ಭಾನುವಾರವೂ ಹೋಗಿ ಆರು ಮಾಡಿದೆ. ಮುಂದಿನ ಎರಡು ವಾರ ದಿನಾ ಸಂಜೆ ಮಾಡಿದೆ, ನನ್ನನ್ನು ನಾನು ಪೂರ್ತಿ ನಂಬುವವರೆಗೂ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ಜೊತೆಯ ಡಾಕ್ಟರನ್ನು ಕರೆದು ಎದುರಿಗೆ ಕೂರಿಸಿಕೊಂಡು ಎರಡು ಮಾಡಿ ತೋರಿಸಿದೆ. ಅವಳು ಎಕ್ಸ್‌ರೇ ತೆಗೆದು ನೋಡಿದಳು, ದೊಡ್ಡದು ಮಾಡಿ ನೋಡಿದಳು.

"ಓಕೆ," ಎಂದಳು. ಕಣ್ಣಲ್ಲಿ ನೀರು. "ಓಕೆ ಆಂಟಿ. ಫಸ್ಟ್ ಒಂದು ಈಸಿ ಕೇಸ್ ಕೊಡ್ತೀನಿ. ಫ್ರಂಟ್ ಟೂತ್?"

"ಬೇಡ. ದವಡೆ ಹಲ್ಲೇ ಕೊಡು."

ಅವಳು ಅಪಾಯಿಂಟ್‌ಮೆಂಟ್ ಪಟ್ಟಿ ತೆರೆದಳು. "ಒಬ್ರು ಪೇಶೆಂಟ್ ಇದ್ದಾರೆ. ಮೇ ತಿಂಗ್ಳಲ್ಲಿ ನಾನು ಟೆಂಪರರಿ ಮೆಡಿಸಿನ್ ಹಾಕಿ ಕ್ಲೋಸ್ ಮಾಡ್ದೆ. ಆಮೇಲೆ ತ್ರೀ ಟೈಮ್ಸ್ ಡೇಟ್ ಕೊಟ್ಟೆ, ತ್ರೀ ಟೈಮ್ಸ್ ಕ್ಯಾನ್ಸಲ್ ಮಾಡಿದ್ರು. ಔಷಧಿ ಮಾತ್ರ ಚೇಂಜ್ ಮಾಡಿಸ್ಕೊಂಡು ಹೋಗ್ತಾರೆ. ನಿಮಗೆ ವೇಟ್ ಮಾಡ್ತಾರಂತೆ. ನಿಮಗೆ ಹೇಳ್ಬೇಡ ಅಂದ್ರು."

ಬುಧವಾರ ಬೆಳಗ್ಗೆ ಎಂಟಕ್ಕೆ ಹೋದಾಗ ನನ್ನ ಕುರ್ಚಿಯಲ್ಲಿ ಲೇಥ್ ತಾತ ಒರಗಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎದೆಯ ಮೇಲೆ ನೀಲಿ ಕಾಗದ ಹರಡಿಕೊಂಡು. ಬಲಗಡೆ ಮೇಲಿನ ದವಡೆ ಹಲ್ಲು. ಏಳು ತಿಂಗಳು ಈ ಮನುಷ್ಯ ಒಂದೇ ಪಕ್ಕದಲ್ಲಿ ಅಗಿದಿದ್ದರು. ನಾನು ಕೊರಗುವುದನ್ನೆಲ್ಲ ವರಾಂಡದಲ್ಲಿ ಕೂತು ಕೇಳಿಸಿಕೊಂಡು, ಒಂದು ದಿನವೂ ಹಲ್ಲಿನ ಮಾತೆತ್ತಿರಲಿಲ್ಲ. ಕ್ಲೀನಿಂಗಿನ ದಿನ ಆ ತಾತ್ಕಾಲಿಕ ಫಿಲ್ಲಿಂಗ್ ನನ್ನ ಕಣ್ಣಿಗೆ ಬಿದ್ದಿತ್ತು, ಜೊತೆಯ ಡಾಕ್ಟರು ಮುಗಿಸಿರುತ್ತಾಳೆ ಎಂದು ಮರೆತಿದ್ದೆ. ನನಗೆ ಪ್ರೀತಿಯೂ ಸಿಟ್ಟೂ ಒಟ್ಟಿಗೇ ಉಕ್ಕಿ ಬಂತು. ಮೊದಲು ಹೊರಬಂದದ್ದು ಸಿಟ್ಟು.

"ಬುದ್ಧಿ ಇದೆಯಾ ನಿಮಗೆ? ಕೀವಾಗಿ ದವಡೆ ಊದಿಕೊಂಡಿದ್ರೆ ಏನು ಮಾಡ್ತಿದ್ರಿ? ನನ್ನ ಕೈ ಸರಿಯಾಗದೇ ಹೋಗಿದ್ರೆ?"

"ಇನ್ನೊಂದು ಪಕ್ಕ ಇತ್ತಲ್ಲ," ಎಂದರು.

ಕೈಗವಸು ಹಾಕಿಕೊಂಡೆ. ಅಸಿಸ್ಟೆಂಟ್ ದೀಪ ಸರಿಪಡಿಸಿದಳು. ಇಂಜೆಕ್ಷನ್ ಹಿಡಿಯುವಾಗ ಗಾಳಿಯಲ್ಲಿ ನನ್ನ ಬೆರಳು ನಡುಗಿದ್ದನ್ನು ಮೂವರೂ ನೋಡಿದೆವು.

"ಪ್ಲಾಸ್ಟಿಕ್ ಬಿಟ್ಟರೆ ನೀವೇ ಮೊದಲನೆಯವರು," ಎಂದೆ. "ಭಯ ಆಗ್ತಿಲ್ವಾ?"

"ನಾನು ನಿಮ್ಮ ಕೆಲಸ ಅಳೆದು ನೋಡಿದ್ದೀನಿ," ಎಂದು ಹೇಳಿ ತಾತ ಬಾಯಿ ತೆರೆದರು.